ನಿಮ್ಮ ಹಿಂದ ಯಾರದಾರ್ರಿ?

ವಿರೂಪಾಕ್ಷಪ್ಪನವರು ಈ ಪ್ರಶ್ನೆ ಕೇಳಿದರೆ ಹೊಸಬರೆಲ್ಲ ತಿರುಗಿ ನೋಡುತ್ತಿದ್ದರು. ಹಿಂದೆ ಬಾಗಿಲ ಪರದೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅವರು ಮಾತ್ರ ರೆಪ್ಪೆ ಬಡಿಯದೆ, ನಮ್ಮ ಹೆಗಲಾಚೆ ಯಾರೋ ನಿಂತಿರುವಂತೆ ನೋಡುತ್ತಿದ್ದರು.

ಅವರು ಹಾವೇರಿಯ ತೆರಿಗೆ ಸಲಹೆಗಾರರು. ಮಾರುಕಟ್ಟೆಯ ದಿನ ಬ್ಯಾಡಗಿಗೆ ಬಂದು ನಮ್ಮ ಖಾರದಪುಡಿ ಗಿರಣಿಯಲ್ಲಿ ಕೂರುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ಊರವರೇ ಸೀನಿ ಸುಸ್ತಾಗುವಾಗ ಅವರು ಒಮ್ಮೆಯೂ ಸೀನಿದ್ದನ್ನು ನಾನು ಕಾಣೆ. "ಇವ್ರು ಉಸರಾಡ್ತಾರೋ ಇಲ್ಲೋ, ಅಣ್ಣಾ" ಎಂದು ತಂಗಿ ಗಿರಿಜಾ ಪಿಸುಗುಡುತ್ತಿದ್ದಳು.

ಅಸಲಿಗೆ ಆ ಪ್ರಶ್ನೆಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಒಬ್ಬನ ಹೆಸರಿನ ವ್ಯಾಪಾರ ಅವನಿರುವ ತನಕ. ಅವನ ಹಿಂದೆ ನಡೆಸುವವರು ಯಾರು ಎಂದಷ್ಟೇ ಅರ್ಥ. "ನಿಮ್ಮ ಜೋಡಿ ದುಡಿಯೋರನ್ನ ಪಾಲುದಾರರನ್ನ ಮಾಡ್ಕೋರಿ. ಅವ್ರಿಗೆ ಪಗಾರ ಹಾಕ್ರಿ, ಖರ್ಚಿನಾಗ ಹೋಗ್ತೈತಿ, ತೆರಿಗಿ ಹಗುರಾಗ್ತೈತಿ. ನಾಳೆ ನೀವಿಲ್ಲಂದ್ರೂ ಅಂಗಡಿ ಬಾಗಲಾ ತೆರೀತೈತಿ" ಎನ್ನುತ್ತಿದ್ದರು.

ರಾಣೆಬೆನ್ನೂರಿನ ಬೀಜದಂಗಡಿಯ ಬಸಣ್ಣ ಆ ಪ್ರಶ್ನೆಗೆ ಬಿದ್ದು ಬಿದ್ದು ನಕ್ಕ. "ನನ್ನ ಹಿಂದ ಗ್ವಾಡಿ ಐತ್ರಿ!" ಎಂದು ತನ್ನ ಅಂಗಡಿಯ ಗೋಡೆ ತಟ್ಟಿದ. ಆ ಮುಂಗಾರಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ಬ್ಯಾಂಕ್ ಖಾತೆ ನಿಂತಿತು, ಜಿಎಸ್‌ಟಿ ನಂಬರು ಅವನ ಜೊತೆಗೇ ಹೋಯಿತು. ಬಿತ್ತನೆಯ ಹೊತ್ತಿನಲ್ಲಿ ಅವನ ಹೆಂಡತಿ ತುಂಬಿದ ಗೋದಾಮಿನ ಮುಂದೆ ಮಾರಲಾಗದೆ ನಿಂತಿದ್ದಳು. ಆಮೇಲೆ ಮೋಟೆಬೆನ್ನೂರಿನ ಟೈರ್ ಅಂಗಡಿಯವನಿಗೂ ಹಾಗೇ ಆಯಿತು. ಅಲ್ಲಿಂದ ಇವರನ್ನು ಕಂಡರೆ ಜನ ಓಣಿ ಬದಲಿಸತೊಡಗಿದರು. ತೆರಿಗೆಗಿಂತ ತೆರಿಗೆ ಸಲಹೆಗಾರನಿಗೇ ಹೆಚ್ಚು ಹೆದರುವ ಊರು ನಮ್ಮದೊಂದೇ ಇರಬೇಕು.

ಗಿರಣಿ ನನ್ನೊಬ್ಬನ ಹೆಸರಿನಲ್ಲಿತ್ತು. ಬೆವರು ಸುರಿಸುವವಳು ಗಿರಿಜಾ. ಗಂಡ ತೀರಿದ ಮೇಲೆ ಅವಳಿಗೂ ಮಕ್ಕಳಿಗೂ ಅದೇ ಅನ್ನ. ಆದರೂ ಆ ಪ್ರಶ್ನೆ ನನ್ನ ಬಳಿ ಬಾರದಿರಲೆಂದು ದೇವರಿಗೆ ಹರಕೆ ಹೊತ್ತಿದ್ದೆ. ಹೋದ ಮಾರ್ಚ್‌ನಲ್ಲಿ ಕೇಳಿಯೇಬಿಟ್ಟರು.

"ನನಗ ಅದೊಂದು ಕೇಳಬ್ಯಾಡ್ರಿ ಕಾಕಾ" ಎಂದು ಸಿಡುಕಿದೆ.

"ಕೇಳಿದ್ದಕ್ಕ ಯಾರರ ಸಾಯ್ತಾರೇನ್ರಿ? ಗಿರಿಜವ್ವನ ಹೆಸರು ಹಾಕಸ್ರಿ, ಲಗೂನ."

ಮರುವಾರ ಹಾವೇರಿಯ ಅವರ ಕಚೇರಿಯಲ್ಲಿ ಗಿರಿಜಾಳೂ ನಾನೂ, ಒಬ್ಬರು ತೀರಿದರೆ ಅವರ ವಾರಸುದಾರರು ಸೇರಿಕೊಳ್ಳುವಂತೆ ಬರೆಸಿದ ಪಾಲುದಾರಿಕೆ ಕರಾರಿಗೆ ಸಹಿ ಹಾಕಿದೆವು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊರಡುವಾಗ ಕೀಟಲೆಗೆಂದು ಕೇಳಿದೆ: "ಕಾಕಾ, ನಿಮ್ಮ ಹಿಂದ ಯಾರದಾರ್ರಿ?" ಅವರಿಗೆ ಹೆಂಡತಿ ಮಕ್ಕಳು ಯಾರೂ ಇರಲಿಲ್ಲ.

ಅವರು ನಗಲಿಲ್ಲ. ನಿಧಾನವಾಗಿ ತಿರುಗಿ, ಬೆನ್ನ ಹಿಂದಿನ ಖಾಲಿ ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಬಂದವರಿಗೆ ಜಾಗ ಬಿಡುವಂತೆ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡರು.

"ಬಂದಾರ" ಎಂದರು.

ಮುಂದಿನ ಮಾರುಕಟ್ಟೆಗೆ ಅವರು ಬರಲಿಲ್ಲ, ತೀರಿಕೊಂಡ ಸುದ್ದಿ ಬಂತು. ಗಲ್ಲಾದ ಮುಂದೆ ಕೂತಾಗ ಬೆನ್ನ ಹಿಂದೆ ಯಾರೋ ಬಂದು ನಿಂತಂತಾದರೆ ನಾನು ತಿರುಗುವುದಿಲ್ಲ. "ಗಿರಿಜಾ, ನೀ ಏನ?" ಎನ್ನುತ್ತೇನೆ.

ಒಮ್ಮೊಮ್ಮೆ ಅವಳು ಎದುರಿನ ಅಂಗಳದಿಂದ "ಓ" ಎನ್ನುತ್ತಾಳೆ.