ಹನ್ನೊಂದನೆಯ ಆನೆಯ ಜೊತೆ ಹೈದರಾಬಾದಿಗೆ

ಶನಿವಾರ ಬೆಳಿಗ್ಗೆ ಕಲಬುರಗಿಯಲ್ಲಿ ರೈಲು ಹತ್ತಿದಾಗ ನನ್ನ ಮಡಿಲಲ್ಲಿ ಹತ್ತೂವರೆ ಆನೆಗಳಿದ್ದವು. ಇಳಕಲ್ ಸೀರೆಯ ಸೆರಗಿನ ಮೇಲೆ ಎರಡು ವರ್ಷದಿಂದ ಹಾಕುತ್ತಿದ್ದ ಕಸೂತಿ ಅದು. ಸಾಲಿನ ಹನ್ನೊಂದನೆಯ ಆನೆ ಕುತ್ತಿಗೆಯವರೆಗೆ ಬಂದು ನಿಂತುಬಿಟ್ಟಿತ್ತು. ಅದರ ಸೊಂಡಿಲಿಗೆ ಜಾಗವಿರಲಿಲ್ಲ.

ತಪ್ಪು ನನ್ನದೇ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಆನೆ ಆನೆಯ ನಡುವೆ ನಾಲ್ಕು ಎಳೆ ಬಿಡಬೇಕಾದಲ್ಲಿ, ಮೂರನೆಯದರ ಮುಂದೆ ಐದು ಬಿಟ್ಟಿದ್ದೆ. ಆಮೇಲೆ ನಕ್ಷೆ ನೋಡದೆ, ಹಿಂದೆ ಹಾಕಿದ್ದನ್ನೇ ನೋಡಿಕೊಂಡು ಐದೈದೇ ಬಿಡುತ್ತ ಹೋದೆ. ಎಂಟು ಸಂದಿಗೆ ಎಂಟು ಎಳೆ ಸೇರಿ, ಸೆರಗಿನ ಅಂಚು ಬಂದಾಗ ಸರಿಯಾಗಿ ಒಂದು ಸೊಂಡಿಲು ಕಡಿಮೆ ಬಿತ್ತು. ಬುಧವಾರ ಇದನ್ನು ನಮ್ಮೂರಿನ ಪ್ರದರ್ಶನಕ್ಕೆ ಕೊಡಬೇಕಿತ್ತು. ನನ್ನ ಕೈಕೆಲಸವನ್ನು ಹೊರಗಿನವರಿಗೆ ತೋರಿಸಲು ನಲವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಒಪ್ಪಿದ್ದೆ. ಈ ಸಲ ಹಿಂದೆಗೆದರೆ ಮತ್ತೆಂದೂ ಕೊಡುವವಳಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಸುಮಿತ್ರಾ ಮೌಶಿಯ ಬಳಿ ಹೊರಟಿದ್ದೆ. ಅವರು ಅಮ್ಮನ ತಂಗಿ. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ ಮಾಡಿದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡುತ್ತಿದ್ದರಂತೆ. ಕಸೂತಿಯಲ್ಲೂ ಪಳಗಿದ ಕೈ. ರೇಷ್ಮೆ ಹಾಳಾಗದಂತೆ ಎಂಟು ಆನೆಗಳನ್ನು ಬೇಗ ಬಿಚ್ಚುವ ಉಪಾಯ ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಟಿಕೆಟ್ಟಿಗೆ ನೂರು ರೂಪಾಯಿಯೂ ಆಗಲಿಲ್ಲ. ವಾಡಿಯಲ್ಲಿ ಚಹಾ ಕುಡಿದೆ. ತಾಂಡೂರಿನಲ್ಲಿ ಹಳಿಯ ಪಕ್ಕ ಹಾಸುಗಲ್ಲು ಒಟ್ಟಿದ್ದರು, ಮಾರ್ಚ್ ಬಿಸಿಲಿಗೆ ಅವು ಕಣ್ಣು ಕುಕ್ಕುತ್ತಿದ್ದವು. ಲಿಂಗಂಪಲ್ಲಿಯಲ್ಲಿಳಿದು ಕೊಂಡಾಪುರಕ್ಕೆ ಆಟೋ ಹಿಡಿದೆ. ನಾಲ್ಕು ಮಾತು ಹಿಂದಿ ಆಡುವಷ್ಟರಲ್ಲಿ ಆಟೋದವನು, “ಗುಲ್ಬರ್ಗಾ ಸೇ ಆಯೇ ಕ್ಯಾ?” ಎಂದ. ಅಷ್ಟು ಚಂದದ ಹಿಂದಿ ನನ್ನದು.

ಮೌಶಿಯ ಮನೆ ಎರಡನೆಯ ಮಹಡಿಯಲ್ಲಿತ್ತು. ಒಳಗೆ ಕಾಲಿಟ್ಟವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಗೋಡೆಯ ತುಂಬ ಅವರ ಕಸೂತಿ. ಒಂದೇ ಸಾಲಿನಲ್ಲಿ ಏಳು ನವಿಲುಗಳಿದ್ದರೆ ಏಳೂ ಬೇರೆ ಬೇರೆ! ಒಂದಕ್ಕೆ ಕತ್ತು ಗಿಡ್ಡ, ಒಂದಕ್ಕೆ ಮೈಗಿಂತ ಬಾಲ ಮೂರು ಪಟ್ಟು, ಒಂದು ಪಕ್ಕದ ನವಿಲಿನ ಕಾಳಿಗೆ ಕೊಕ್ಕು ಹಾಕಿತ್ತು. ಹಾಗಂತ ಕೆಲಸ ಒರಟಲ್ಲ, ಹೊಲಿಗೆ ಅಷ್ಟು ನಾಜೂಕು. ಹುಚ್ಚು ಹಿಡಿದಷ್ಟು ಖುಷಿಯಾಯಿತು. ಅಳತೆಯಲ್ಲೇ ಆಯುಷ್ಯ ಕಳೆದವರು ಹೀಗೆ ಹಾಕುವುದೇ ಎಂದು ಕೇಳಿದೆ.

“ಅಲ್ಲಿ ಎಳಿಯಷ್ಟು ತಪ್ಪಿದ್ರ ಯಾರದರ ಜೀವ ಹೋಗ್ತಿತ್ತು. ಮೂವತ್ತು ವರ್ಷ ಅಂಜಿಕೊಂಡಽ ಅಳತಿ ಮಾಡೀನಿ,” ಎಂದರು ಮೌಶಿ. “ಇಲ್ಲಿ ತಪ್ಪಿದ್ರ ಯಾರೂ ಸಾಯೂದಿಲ್ಲ. ಆ ಖುಷಿಗೇ ನಾ ಸೂಜಿ ಹಿಡಿಯೂದು.”

ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ಕೈ ತೊಳೆದು ಸೆರಗು ಬಿಡಿಸಿದೆ. ಮೌಶಿ ಬೆರಳ ತುದಿಯಿಂದ ಸಂದುಗಳನ್ನು ಎಣಿಸುತ್ತ ಹೋಗಿ, ಹಿಂಬದಿಯಲ್ಲಿ ಒಂದೂ ಗಂಟಿಲ್ಲದ್ದು ನೋಡಿ ತಲೆದೂಗಿದರು. ಅರ್ಧ ಆನೆಯ ಹತ್ತಿರ ಬಂದವರೇ ನಗತೊಡಗಿದರು. ನನಗೆ ನಿಜವಾಗಿಯೂ ಸಿಟ್ಟು ಬಂತು. ಬಿಚ್ಚುವುದು ಹೇಗೆಂದು ಹೇಳಿ ಸಾಕು ಎಂದೆ.

“ಯಾಕ ಬಿಚ್ಚತಿ? ಮುಂದ ಜಾಗ ಇಲ್ಲ, ಹಿಂದ ಐತಲ್ಲ,” ಎಂದರು. “ಆನಿ ಹಿಂದಕ ಹೊಳ್ಳಿ ನೋಡ್ಲಿ.”

ಜನ ಕೇಳಿದರೆ ಏನು ಹೇಳಲಿ ಎಂದರೆ, ಆದದ್ದನ್ನೇ ಹೇಳು ಎಂದರು. ನೀವೇ ಹಾಕಿಕೊಡಿ ಎಂದು ಗೋಗರೆದೆ. ಸೂಜಿ ಮುಟ್ಟಲಿಲ್ಲ. ನಿನ್ನ ತಪ್ಪಿಗೆ ನಿನ್ನದೇ ಆನೆ ಆಗಬೇಕು ಎಂದು ಚೌಕುಳಿ ಕಾಗದ ಮುಂದಿಟ್ಟು ಎದ್ದುಹೋದರು.

ಭಾನುವಾರ ಬೆಳಿಗ್ಗೆ ಮೌಶಿ ಕೆಳಗೆ ತರಕಾರಿ ಗಾಡಿಯವಳೊಂದಿಗೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದಾಗ ನಾನು ಕಾಗದದ ಮೇಲೆ ಆನೆಯ ತಲೆ ತಿರುಗಿಸುತ್ತಿದ್ದೆ. ಆರು ತಲೆ ಬರೆದರೂ ಸೆಟೆದುಕೊಂಡೇ ಇದ್ದವು. ಮೇಲೆ ಬಂದ ಮೌಶಿ ಅವನ್ನು ನೋಡಿ, ಇವು ಹೆಡ್ ಮಾಸ್ತರಿಗೆ ಅಂಜಿ ನಿಂತಿವೆ ಎಂದರು. ಆನೆಗಳೇನು, ನಾನೂ ಹಾಗೇ ನಿಂತವಳಲ್ಲವೇ! ಯಾರು ಏನಂದಾರೋ ಎಂದು ಅಂಜುತ್ತಲೇ ಎರಡು ವರ್ಷ ಎಳೆ ಎಣಿಸಿದ್ದೆ. ಏಳನೆಯ ತಲೆ ಬರೆಯುವಾಗ, ಹಿಂದಿನ ಆನೆಗೆ ‘ಏನಪ್ಪಾ, ಎಷ್ಟು ನಿಧಾನ’ ಎಂದು ಕೇಳುವ ಹಾಗೆ ಮಾಡಿದೆ. ಸೊಂಡಿಲು ಬೆನ್ನ ಮೇಲೆ ಹಾಯಾಗಿ ಮಲಗಿತು. ಇನ್ನು ತಡೆಯಲಾಗಲಿಲ್ಲ, ಸೂಜಿ ಹಿಡಿದು ಕೂತೆ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ, ರೊಟ್ಟಿ ಆರಿ ಹಪ್ಪಳವಾಯಿತು. ಮೂರು ಗಂಟೆಗೆ ಕಣ್ಣು ಹಾಕಿ ಮುಗಿಸಿದಾಗ ಮೌಶಿಯನ್ನು ಹಿಡಿದು ಒಂದು ಸುತ್ತು ಗಿರಗಿರನೆ ತಿರುಗಿಸಿಬಿಟ್ಟೆ.

ಸಂಜೆಯ ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎದುರಿಗೆ ಸೇಡಂಗೆ ಹೊರಟ ಒಬ್ಬ ಹೆಂಗಸು, ಆಕೆಯ ಅಕ್ಕ. ಅಷ್ಟು ಜೋಪಾನವಾಗಿ ಹಿಡಿದ ಗಂಟಿನಲ್ಲಿ ಏನಿದೆ ಎಂದು ಆಕೆ ಕೇಳಿದರು. ಬಟ್ಟೆ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು, ಇಷ್ಟು ವರ್ಷ ಮಾಡಿದ್ದು ಅದನ್ನೇ. ಆದರೆ ಸೆರಗನ್ನು ಪೂರ್ತಿ ಬಿಡಿಸಿ ಇಬ್ಬರ ಮಡಿಲ ಮೇಲೂ ಹರಡಿದೆ.

“ಈ ಆನಿ ಯಾಕ್ರಿ ಹೊಳ್ಳಿ ನೋಡಾಕತ್ತೈತಿ?”

“ಎಣಿಕಿ ತಪ್ಪಿತ್ರಿ,” ಎಂದೆ. “ಮುಂದ ಜಾಗ ಉಳೀಲಿಲ್ಲ.”

ಆಕೆ ನಕ್ಕು ಅಕ್ಕನಿಗೆ ತೋರಿಸಿದರು. ಇಬ್ಬರೂ ಬಗ್ಗಿ ಅದರ ಕಣ್ಣು ನೋಡಿದರು, ಸೊಂಡಿಲು ಸವರಿದರು, ಎಷ್ಟು ಶಾಣ್ಯಾ ಆನೆ ಎಂದರು. ಬುಧವಾರ ಇದನ್ನು ಪ್ರದರ್ಶನಕ್ಕೆ ನಾನೇ ಕೈಯಾರೆ ಕೊಟ್ಟು ಬರುತ್ತೇನೆಂದು ಅವರಿಗೂ ಹೇಳಿಬಿಟ್ಟೆ. ಸೇಡಂ ಬರುವತನಕ ಅವರ ಮಾತೆಲ್ಲ ಆ ಒಂದು ಆನೆಯದೇ. ಉಸಿರು ಬಿಗಿಹಿಡಿದು ಎಣಿಸಿ ಹಾಕಿದ ಉಳಿದ ಹತ್ತು ಆನೆಗಳ ಕಡೆ ಇಬ್ಬರಲ್ಲಿ ಒಬ್ಬರೂ ನೋಡಲಿಲ್ಲ.