ಜಿನೋವಾಕ್ಕೆ ಹೊರಟವರ ಊಟದ ತಾಲೀಮು

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ನಮ್ಮ ಎದುರು ಫ್ಲಾಟಿನಲ್ಲಿರುವ, ಮಂಗಳೂರು ಕಡೆಯ ಬ್ಯಾರಿ ಗೆಳೆಯರೊಬ್ಬರು ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಕಂಪನಿಯಲ್ಲಿ ವೆಲ್ಡಿಂಗ್ ಪರೀಕ್ಷಿಸುವವರು. ಕಳೆದ ಚಳಿಗಾಲದಲ್ಲಿ ಕಂಪನಿ ಅವರನ್ನು ಒಂದು ತಿಂಗಳ ತರಬೇತಿಗೆ ಇಟಲಿಯ ಜಿನೋವಾ ನಗರಕ್ಕೆ ಕಳಿಸಲು ನಿರ್ಧರಿಸಿತು. ಪೂರ್ತಿ ಮುಗಿಸಿ ಬಂದರೆ ಫೋರ್‌ಮನ್ ಹುದ್ದೆ. ಅವರ ಹೆದರಿಕೆ ಕೆಲಸದ್ದಲ್ಲ, ಊಟದ್ದು. ಹಿಂದೊಮ್ಮೆ ಕೊರಿಯಾಕ್ಕೆ ಹೋಗಿದ್ದಾಗ ಯಾವುದರೊಳಗೆ ಯಾವ ಮಾಂಸವಿದೆಯೋ ಎಂಬ ಅನುಮಾನಕ್ಕೆ ಬ್ರೆಡ್ಡು, ಬಾಳೆಹಣ್ಣಿನಲ್ಲೇ ದಿನ ದೂಡಿ, ಹೊಟ್ಟೆ ಕೆಟ್ಟು ಅರ್ಧಕ್ಕೇ ಮರಳಿದ್ದರು. ಇನ್ನೊಮ್ಮೆ ಹಾಗಾದರೆ ಹುದ್ದೆ ಬೇರೆಯವರಿಗೆ ಎಂದು ಮ್ಯಾನೇಜರ್ ನಗುತ್ತಲೇ ಹೇಳಿದ್ದರಂತೆ.

ನಾನು ಪತ್ರಿಕೆಯೊಂದರ ಪ್ರವಾಸ ಪುಟ ನೋಡಿಕೊಳ್ಳುತ್ತೇನೆ. ಇಟಲಿಯ ಬೀದಿ ತಿಂಡಿಗಳ ಬಗ್ಗೆ ಬಂದ ಲೇಖನಗಳನ್ನು ತಿದ್ದಿದ್ದೇನೆ, ಇಟಲಿಯನ್ನು ನೋಡಿಲ್ಲ.

"ಸರ್, ಅಲ್ಲಿ ನಾನು ಧೈರ್ಯದಲ್ಲಿ ತಿನ್ನುವಂಥದ್ದು ಎಂತಾದ್ರೂ ಉಂಟಾ?" ಎಂದು ಅವರು ಕೇಳಿದರು.

"ಬೇಕಾದಷ್ಟಿದೆ. ಅಕ್ಕಿದು, ಕಡಲೆಹಿಟ್ಟಿಂದು."

"ಓದುದು ಬೇರೆ, ತಿನ್ನುದು ಬೇರೆ ಮಾರಾಯ್ರೆ. ಹೋಗುವ ಮೊದಲು ಒಮ್ಮೆ ಬಾಯಿಗೆ ಹಾಕಿ ನೋಡ್ಬೇಕು."

ಹೀಗೆ ಭಾನುವಾರಗಳ ತಾಲೀಮು ಶುರುವಾಯಿತು. ಮೊದಲು ಅಬುಧಾಬಿಯ ಒಂದು ಹೋಟೆಲಿನಲ್ಲಿ ಅರಂಚೀನಿ ತಿಂದೆವು: ಅನ್ನದ ಉಂಡೆಯೊಳಗೆ ಚೀಸು, ಬಟಾಣಿ ಇಟ್ಟು ಕರಿದದ್ದು. ಅವರು ಅದನ್ನು ಎರಡು ಹೋಳು ಮಾಡಿ, ವೆಲ್ಡಿಂಗಿನ ಬೆಸುಗೆ ನೋಡುವಂತೆ ಒಳಗೆಲ್ಲ ನೋಡಿದರು.

"ಮಿಕ್ಕಿದ ಬಿರಿಯಾನಿಯನ್ನು ಉಂಡೆ ಕಟ್ಟಿದ ಹಾಗುಂಟು."

"ನಿಮ್ಮನೇಲಿ ಬಿರಿಯಾನಿ ಯಾವತ್ತು ಮಿಕ್ಕಿತ್ತು?" ಎಂದಳು ನನ್ನ ಹೆಂಡತಿ.

ಹೊರಡಲು ವಾರವಿರುವಾಗ ದುಬೈಗೆ ಹೋದೆವು. ಅಲ್ಲಿನ ನೈಫ್ ಬಜಾರಿನಲ್ಲಿ ಅವರಿಗೊಂದು ದಪ್ಪ ಜಾಕೆಟ್ ಕೊಂಡು, ಅಲ್ಲಿಂದ ವಾರಾಂತ್ಯದ ಸಂತೆಯೊಂದಕ್ಕೆ ಹೋದೆವು. ಅಲ್ಲಿ ಇಟಲಿಯ ಹೆಂಗಸೊಬ್ಬರು ಪನೆಲ್ಲೆ ಮಾರುತ್ತಿದ್ದರು. ಕಡಲೆಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ತೆಳ್ಳಗೆ ಕೊಯ್ದು, ಕರಿದು, ನಿಂಬೆರಸ ಹಿಂಡಿ ಬನ್ನಿನೊಳಗೆ ಇಟ್ಟು ಕೊಡುವುದು. ಗೆಳೆಯರು ಒಂದು ತಿಂದರು, ಇನ್ನೊಂದು ಕೇಳಿದರು, ಹೆಸರನ್ನು ಬಾಯಿಪಾಠ ಮಾಡಿದರು.

"ಖಲಾಸ್. ನನಗೆ ಇದು ಸಾಕು" ಎಂದವರು ಆ ಹೆಂಗಸಿಗೂ ಇಂಗ್ಲಿಷಿನಲ್ಲಿ ಹೇಳಿದರು: ಜಿನೋವಾದಲ್ಲಿ ತಾವು ದಿನವೂ ತಿನ್ನುವುದು ಇದನ್ನೇ.

ಆಕೆ ಕೈಯಲ್ಲಿದ್ದ ಜಾಲರಿ ಸೌಟು ಕೆಳಗಿಟ್ಟರು. "ಜಿನೋವಾದಲ್ಲಿ ಇದನ್ನು ಯಾರು ಮಾರುತ್ತಾರೆ? ಇದು ನಮ್ಮ ಪಲೆರ್ಮೊದ್ದು. ನಮ್ಮದು ದಕ್ಷಿಣದ ದ್ವೀಪ, ಅದು ಉತ್ತರದ ಬಂದರು."

ಅನ್ನದ ಉಂಡೆಯೂ ಅದೇ ದ್ವೀಪದ್ದಂತೆ. ಗೆಳೆಯರು ನನ್ನ ಕಡೆ ತಿರುಗಿದರು.

"ಎಂತ ಸರ್ ಇದು? ಬೀದರಿಗೆ ಹೊರಟವನಿಗೆ ಮಂಗಳೂರು ಬನ್ಸ್ ತಿನ್ನಿಸಿ ಅಭ್ಯಾಸ ಮಾಡಿಸಿದ್ರಲ್ಲ."

ಇಲ್ಲಿ ಏನು ಸಿಕ್ಕಿತೋ ಅದನ್ನೇ ನಾನು ಇಡೀ ಇಟಲಿ ಎಂದುಕೊಂಡಿದ್ದೆ. ಆ ಹೆಂಗಸೇ ದಾರಿ ತೋರಿದರು. ಜಿನೋವಾದವರೂ ಕಡಲೆಹಿಟ್ಟಿನವರೇ, ಆದರೆ ಅವರ ಫರಿನಾತ ಕರಿಯುವುದಲ್ಲ; ಹಿಟ್ಟನ್ನು ನೀರಾಗಿ ಕಲಸಿ, ಆಲಿವ್ ಎಣ್ಣೆ ಬೆರೆಸಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹುಯ್ದು ಸೌದೆ ಒಲೆಯಲ್ಲಿ ಬೇಯಿಸುವುದು. "ಸಾದಾ ಅಂತ ಕೇಳಿ. ಕೆಲವರು ಮೇಲೆ ಏನೇನೋ ಹಾಕುತ್ತಾರೆ" ಎಂದರು.

ಅದು ಮಾರುವ ಅಂಗಡಿ ನಮಗೆ ಎರಡೂ ಊರಿನಲ್ಲಿ ಸಿಗಲಿಲ್ಲ. ಹೆಂಡತಿ ಮನೆಯಲ್ಲೇ ಮಾಡಲು ಹೊರಟಳು. ಮೊದಲ ತಟ್ಟೆಗೆ ಕೈಯ ಅಭ್ಯಾಸದಂತೆ ಈರುಳ್ಳಿ, ಹಸಿಮೆಣಸು, ಜೀರಿಗೆ ಬಿದ್ದವು. ಗೆಳೆಯರು ಚಪ್ಪರಿಸಿ ತಿಂದರು.

"ಅಲ್ಲಿ ಇದ್ಯಾವುದೂ ಇರಲ್ಲ, ತೆಗೆದುಬಿಡು" ಎಂದೆ.

"ನಿಮ್ಮ ಎಡಿಟಿಂಗ್ ಅಡುಗೆಮನೆಗೂ ಬಂತಾ?" ಎನ್ನುತ್ತಲೇ ಅವಳು ಮತ್ತೊಂದು ತಟ್ಟೆ ಹುಯ್ದಳು. ಈ ಸಲ ಉಪ್ಪು, ಎಣ್ಣೆ, ಮೇಲೊಂದಿಷ್ಟು ಕಾಳುಮೆಣಸಿನ ಪುಡಿ ಮಾತ್ರ.

ಗೆಳೆಯರು ಒಂದು ತುಂಡು ನಿಧಾನವಾಗಿ ಅಗಿದರು. "ಸಪ್ಪೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತುಂಡು ತೆಗೆದುಕೊಂಡರು. "ಸಪ್ಪೆಯೇ ಅಕ್ಕ. ಆದ್ರೆ ಒಳಗೆ ಎಂತ ಉಂಟು ಅಂತ ಗೊತ್ತುಂಟಲ್ಲ."

ಅಲ್ಲಿಗೆ ಹೋದ ಮೇಲೆ ಮೊದಮೊದಲು ದಿನವೂ ಮೆಸೇಜು ಬರುತ್ತಿತ್ತು, ಬರೀ ಊಟದ್ದೇ: ಅಂಗಡಿ ಸಿಗಲಿಲ್ಲ, ಸಿಕ್ಕಿತು, ಭಾನುವಾರ ಬಾಗಿಲು ಹಾಕಿತ್ತು. ಆಮೇಲೆ ಕಡಿಮೆಯಾಯಿತು. ತರಬೇತಿಯ ಕೊನೆಯ ವಾರ, ಒಂದು ಮಧ್ಯಾಹ್ನ, ನಾನೇ ಫೋನ್ ಮಾಡಿದೆ. ಹಿಂದೆ ಬೀದಿಯ ಗದ್ದಲ, ತಟ್ಟೆಯ ಮೇಲೆ ಚೂರಿ ಓಡಿಸುವ ಸದ್ದು.

"ಇಲ್ಲಿ ಫರಿನಾತದ ಅಂಚೆಲ್ಲ ಕಪ್ಪು ಸುಟ್ಟಿರ್ತದೆ ಸರ್, ಅದೇ ರುಚಿ. ಅಕ್ಕನದ್ದು ಸ್ವಲ್ಪ ಹಸಿ ಆಗಿತ್ತು. ಹೇಳ್ಬೇಡಿ."

"ಕೇಳಿಸ್ತು" ಎಂದಳು ಪಕ್ಕದಲ್ಲಿದ್ದ ಹೆಂಡತಿ.

"ಹೊರಡೋಕೆ ಇನ್ನೆಷ್ಟು ದಿನ ಇದೆ?" ಎಂದು ಕೇಳಿದೆ.

"ನಾಲ್ಕೋ ಐದೋ, ನೋಡ್ಬೇಕು. ಫೋನ್ ಇಡ್ತೇನೆ ಸರ್, ಕ್ಯೂನಲ್ಲಿ ನನ್ನ ಸರದಿ ಬಂತು."