ಶಮಾಮಾ ಹಚ್ಚದ ಚಳಿಗಾಲ

ಕನೌಜಿನ ನಮ್ಮ ಗಲ್ಲಿಗೆ ಚಳಿಗಾಲ ಬರುವುದು ಮೂಗಿನ ದಾರಿಯಿಂದ. ಬೇಸಿಗೆಯಿಡೀ ಲಾವಂಚದ ಅತ್ತರು, ಮಳೆಗಾಲಕ್ಕೆ ಮಣ್ಣಿನ ಅತ್ತರು, ಆಮೇಲೆ ಮೊದಲ ಮಂಜು ಬಿತ್ತೋ ಇಲ್ಲವೋ, ಎಲ್ಲರ ಕಿವಿಯ ಮಡಿಕೆಯಲ್ಲೂ ಶಮಾಮಾ ಅದ್ದಿದ ಅರಳೆಯ ಪುಟ್ಟ ಉಂಡೆ! ಹಾಲಿನವನು, ಮೌಲ್ವಿ, ಮದುಮಗಳು, ಹಲ್ಲಿಲ್ಲದ ಅಜ್ಜಿ, ಎಲ್ಲರಿಗೂ ಅದೇ. ಗಂಧದ ಎಣ್ಣೆಯೊಳಗೆ ಕಲ್ಲುಹೂವು, ಜಟಾಮಾಂಸಿ, ಜಾಕಾಯಿ, ಲವಂಗ, ಇನ್ನೂ ಏನೇನೋ ಬೇರು ತೊಗಟೆಗಳೆಲ್ಲ ಇಳಿದು, ಮೂಸಿದರೆ ಎದೆಯೊಳಗೆ ಯಾರೋ ಕೂತು ಕೆಂಡ ಊದಿದ ಹಾಗಿರುತ್ತದೆ. ಇದು ಗಂಡಸರ ಸೆಂಟು, ಇದು ಹೆಂಗಸರ ಸೆಂಟು ಎನ್ನುವ ಮಾತನ್ನು ನಾನು ಮೊದಲ ಸಲ ಕೇಳಿದ್ದು ಕಾನ್ಪುರದ ಕಾಲೇಜಿಗೆ ಸೇರಿದ ಮೇಲೆ, ಹಾಸ್ಟೆಲ್ ಎದುರಿನ ಗಾಜಿನ ಅಂಗಡಿಯಲ್ಲಿ. ಬಂದು ಹೇಳಿದಾಗ ಹುಸ್ನಾರಾ ಚಾಚಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಹಂಗಾದ್ರೆ ಚಳೀನೂ ಎರಡು ಥರ ಇರ್ಬೇಕಲ್ಲೇ, ಗಂಡ್ಚಳಿ, ಹೆಣ್ಚಳಿ! ನಿಮ್ಮ ಚಾಚಾಗೆ ಯಾವುದು ಹತ್ತಿದೆ ಕೇಳು!"

ಹುಸ್ನಾರಾ ಚಾಚಿ ನನ್ನ ಸ್ವಂತ ಚಿಕ್ಕಮ್ಮನಲ್ಲ, ಪಕ್ಕದ ಮನೆಯವಳು. ನಮಗೂ ಅವಳಿಗೂ ಗೋಡೆ ಒಂದೇ. ಅವಳ ಗಂಡ ಇಶ್ತಿಯಾಕ್ ಚಾಚಾ ಅತ್ತರಿನ ಕಾರ್ಖಾನೆಯಲ್ಲಿ ದೇಗ್ ನೋಡಿಕೊಳ್ಳುವವನು. ದೇಗ್ ಅಂದರೆ ತಾಮ್ರದ ಹಂಡೆ. ಅದರ ಬಾಯಿಗೆ ಜೇಡಿಮಣ್ಣು ಮೆತ್ತಿ, ಕೆಳಗೆ ಸೌದೆ, ಬೆರಣಿ ಉರಿಸಿ, ಉರಿ ಏರದ ಹಾಗೆ, ಇಳಿಯದ ಹಾಗೆ ಬೆಳಗಿನಿಂದ ಸಂಜೆವರೆಗೆ ಹೊಗೆಯಲ್ಲೇ ಕೂತಿರಬೇಕು. ಅವರಿಗೆ ಮಕ್ಕಳಾಗಲಿಲ್ಲ. ಅದಕ್ಕೆ ಗಲ್ಲಿಯವರು ಮೊದಮೊದಲು ಮರುಗಿದರು, ಆಮೇಲೆ ಮರೆತರು. ಇಬ್ಬರಿಗೂ ಸೇರಿ ಒಂದೇ ಶೀಶೆ ಶಮಾಮಾ, ಇಬ್ಬರೂ ಹೊದೆಯುವ, ಅರಳೆ ತುಂಬಿದ ಒಂದೇ ರಜಾಯಿ. ಬೆಳಿಗ್ಗೆ ಚಾಚಾ ಅರಳೆ ಅದ್ದಿ ತನ್ನ ಕಿವಿಗೆ ಸಿಕ್ಕಿಸಿಕೊಂಡು, ಬೆರಳಿನಲ್ಲಿ ಉಳಿದಿದ್ದನ್ನು ಚಾಚಿಯ ಮಣಿಕಟ್ಟಿಗೆ ಒರೆಸುತ್ತಿದ್ದ.

"ಏನ್ರೀ, ನಿಮ್ಮ ಎಂಜಲು ನಂಗೆ!"

"ಎಂಜಲು ಅಲ್ಲ ಬೇಗಮ್, ಪ್ರಸಾದ ಅಂತ ತಿಳ್ಕೋ. ಪಕ್ಕದ ಗಲ್ಲಿ ಶುಕ್ಲಾಜಿ ಹಂಗೇ ಅಂತಾರೆ."

ಹೀಗೆ ಗೋಡೆಯಾಚೆಯಿಂದ ದಿನಾ ಕೇಳಿಸುತ್ತಿತ್ತು. ಈ ಸದ್ದಿಗೇ ನಾನು ಎಷ್ಟೋ ಚಳಿಗಾಲ ಕಣ್ಣುಬಿಟ್ಟಿದ್ದೇನೆ.

ಕಳೆದ ನವೆಂಬರಿನ ಕೊನೆಯಲ್ಲಿ ಚಾಚಾ ತೀರಿಕೊಂಡ. ಹೊಗೆ ಕುಡಿದ ಎದೆ ಬಹಳ ದಿನದಿಂದ ಗೊರಗೊರ ಅನ್ನುತ್ತಿತ್ತು. ಮಂಜು ದಟ್ಟವಾಗಿದ್ದ ಒಂದು ವಾರದಲ್ಲಿ ಅದು ಸೋತುಹೋಯಿತು. ಹೆಣ ತೊಳೆದು, ಕರ್ಪೂರ ಹಚ್ಚಿ, ಬಿಳಿ ಬಟ್ಟೆ ಸುತ್ತಿ, ಕೊನೆಗೆ ಮುಖ ನೋಡಲು ಚಾಚಿಯನ್ನು ಕರೆದರು. ಅವಳು ಬಗ್ಗಿ ನೋಡಿದಳು, ಹಾಗೇ ಎದ್ದಳು. ಆಮೇಲೆ ನನಗೆ ಹೇಳಿದಳು: "ಬರೀ ಕರ್ಪೂರ ಕಣೇ ಬಿಟಿಯಾ. ಯಾರ ಮನೆ ಹೆಣನೋ ಅನ್ನೋ ಹಂಗಿತ್ತು."

ಅವನ ಬಟ್ಟೆಗಳನ್ನು ಪದ್ಧತಿಯಂತೆ ಬಡವರಿಗೆ ಕೊಟ್ಟರು. ಸ್ವೆಟರು, ಶಾಲು, ಕಾರ್ಖಾನೆಗೆ ಹಾಕಿಕೊಂಡು ಹೋಗುತ್ತಿದ್ದ ಕಂದುಬಣ್ಣದ ಕುರ್ತಾ, ಟೋಪಿ, ಎಲ್ಲ ಹೋಯಿತು. ಉಳಿದದ್ದು ಆ ರಜಾಯಿ ಒಂದೇ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ ಕೂರಬೇಕು: ಹೊಸಲು ದಾಟುವಂತಿಲ್ಲ, ಬಳೆಯಿಲ್ಲ, ಸುರ್ಮಾ ಇಲ್ಲ, ಅತ್ತರಂತೂ ಇಲ್ಲವೇ ಇಲ್ಲ. ಚಾಚಿ ತಾನೇ ಶೀಶೆ ತೆಗೆದು ನನ್ನ ಅಮ್ಮನ ಕೈಗೆ ಕೊಟ್ಟುಬಿಟ್ಟಳು. ಕಿವಿಯ ಅರಳೆಯನ್ನು ಒಲೆಗೆ ಹಾಕಿದಳು. ಎಲ್ಲವನ್ನೂ ಸರಿಯಾಗಿ ಮಾಡಿದಳು. ರಜಾಯಿ ಮಾತ್ರ ಹೊದ್ದುಕೊಂಡಳು.

ಡಿಸೆಂಬರ್ ರಜೆಗೆ ನಾನು ಬಂದಾಗ ಚಾಚಿಯ ಮನೆ ತುಂಬ ಹೆಂಗಸರು. ನಡುವೆ ಬಿಲ್ಕೀಸ್ ಆಪಾ, ಗಲ್ಲಿಯಲ್ಲಿ ಯಾರು ಸತ್ತರೂ ಕುರಾನ್ ಓದಿಸಲು, ದುವಾ ಮಾಡಿಸಲು, ಇದ್ದತ್ತಿಗೆ ಕೂರಿಸಲು ಮುಂದೆ ನಿಲ್ಲುವವಳು. ಚಾಚಿಯನ್ನು ತಬ್ಬಿಕೊಂಡವಳು ಅರ್ಧಕ್ಕೇ ಹಿಂದೆ ಸರಿದು, ಮೂಗನ್ನು ಎರಡು ಸಲ ಎಳೆದಳು. ನಮ್ಮೂರಿನ ಮೂಗು! ಬೇರೆ ಊರಾಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

"ಹುಸ್ನಾರಾ, ಶಮಾಮಾ ಹಾಕ್ಕೊಂಡಿದೀಯಾ?"

"ಇಲ್ಲ ಆಪಾ."

"ಹಂಗಾದ್ರೆ ಗೋಡೆಯಿಂದ ಬರ್ತಿದೆಯಾ? ಗಂಡನ ಗೋರಿ ಮಣ್ಣು ಇನ್ನೂ ಹಸೀ ಇದೆ, ಇಲ್ಲಿ ಮದ್ವೆ ಮನೆ ಘಮ!"

"ಕುರಾನ್ ಮೇಲೆ ಆಣೆ, ನಾನು ಮುಟ್ಟಿಲ್ಲ."

"ಆಣೆ ಗೀಣೆ ಬೇಡಮ್ಮ. ಮೂಗಿಗೆ ಆಣೆ ಕೇಳ್ಸಲ್ಲ."

ಹಿಂದೆ ಕೂತಿದ್ದ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ತಾಹಿರಾ ಫುಪ್ಪಿ ಎದ್ದು ನೇರ ಒಳಕೋಣೆಗೆ ಹೋಗಿ ರಜಾಯಿಯನ್ನು ಎಳೆದು ತಂದಳು. ತಾಹಿರಾ ಫುಪ್ಪಿ ಚಾಚಾನ ತಂಗಿ. ಎರಡು ಗಲ್ಲಿ ಆಚೆ ಮನೆ. ಮಾತು ಜಾಸ್ತಿ, ಮನಸ್ಸು ಬೆಣ್ಣೆ.

"ಇಗೋ ನೋಡಿ ಆಪಾ, ಇದು! ಎಷ್ಟು ವರ್ಷದಿಂದ ಭಯ್ಯಾ, ಭಾಭಿ ಇಬ್ರೂ ಹೊದ್ದಿರೋ ರಜಾಯಿ, ಅರಳೆಗೆ ಹತ್ಕೊಂಡಿದೆ. ನಮ್ಮ ಭಾಭಿ ಮೇಲೆ ಮಾತು ಬರಬಾರದು."

"ಅರಳೆನೋ ಮೈಯೋ, ವಾಸನೆ ವಾಸನೇನೇ. ಇದ್ದತ್ತಲ್ಲಿ ಇದನ್ನ ಹೊದೆಯೋ ಹಂಗಿಲ್ಲ. ತೊಳ್ಸಿಬಿಡಿ."

ಚಾಚಿ ರಜಾಯಿಯ ಮೇಲೆ ಎರಡೂ ಕೈ ಇಟ್ಟಳು. "ತೊಳೆಯೋದು ಬೇಡ," ಎಂದಳು. ಅಷ್ಟೇ. ಕೊನೆಗೆ ತಾಹಿರಾ ಫುಪ್ಪಿಯೇ ದಾರಿ ಹುಡುಕಿದಳು: ಇದ್ದತ್ತು ಮುಗಿಯುವವರೆಗೆ ರಜಾಯಿ ತನ್ನ ಮನೆಯ ಟ್ರಂಕಿನಲ್ಲಿ ಇರುತ್ತದೆ, ಮುಗಿದ ದಿನ ತಾನೇ ತಂದು ಕೊಡುತ್ತಾಳೆ.

"ನನ್ನ ಜೀವದ ಹಂಗೆ ನೋಡ್ಕೋತೀನಿ ಭಾಭಿ. ನನ್ನ ಭಯ್ಯಾದೂ ಅಲ್ವಾ ಅದು?"

ಚಾಚಿ ಕೈ ತೆಗೆದಳು.

ಆ ಚಳಿಗಾಲವನ್ನು ನೆನೆಸಿಕೊಂಡರೆ ನನಗೆ ಈಗಲೂ ಬೆನ್ನು ನಡುಗುತ್ತದೆ. ಸೂರ್ಯ ಇದ್ದಾನೆಂದು ನಂಬಿಕೊಂಡು ಬದುಕಬೇಕಾದಂಥ ಮಂಜು. ಚಾಚಿಗೆ ಯಾರೋ ದಾನ ಕೊಟ್ಟ ಬೂದಿಬಣ್ಣದ ಕಂಬಳಿ, ಒರಟು, ಮೂಸಿದರೆ ಏನೂ ಇಲ್ಲ. ಅಮ್ಮ ನಮ್ಮ ಮನೆಯ ರಜಾಯಿ ಕೊಡಲು ಹೋದರೆ ಅದರಲ್ಲೂ ಶಮಾಮಾ! ನಮ್ಮೂರಲ್ಲಿ ವಾಸನೆಯಿಲ್ಲದ ರಜಾಯಿ ಎಲ್ಲಿಂದ ತರುವುದು? ಅವಳಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ಸಂಜೆ ಕೆಂಡದ ಅಗ್ಗಿಷ್ಟಿಕೆ ನಡುವೆ ಇಟ್ಟುಕೊಂಡು ನಾವಿಬ್ಬರು ಬಟಾಣಿ ಸುಲಿಯುತ್ತಿದ್ದೆವು. ಅವಳ ಬೆರಳುಗಳು ನೀಲಿಯಾಗಿ, ಒಂದೊಂದು ಸಿಪ್ಪೆಗೂ ತಡವರಿಸುತ್ತಿದ್ದವು.

"ಚಾಚಿ, ಹೋಗ್ಲಿ ಬಿಡು, ನಾನು ಹೋಗಿ ತಂದ್ಬಿಡ್ಲಾ? ಯಾರಿಗೂ ಹೇಳಲ್ಲ."

"ಬೇಡ. ನಿಮ್ಮ ಚಾಚಾ ಹೆಸರಿಗೆ ಮಾತು ಬರತ್ತೆ. ಏಪ್ರಿಲ್ ಬರಲಿ."

"ಏಪ್ರಿಲಲ್ಲಿ ರಜಾಯಿ ತಗೊಂಡು ಏನ್ಮಾಡ್ತೀಯ? ಬೆವರು ಸುರಿಯತ್ತೆ!"

"ಹೊದೆಯೋಕಲ್ಲ ಕಣೇ, ದಡ್ಡಿ." ಅವಳು ಕೆಂಡ ಕೆದಕಿದಳು. "ಶಮಾಮಾ ಎಲ್ಲರ ಹತ್ರಾನೂ ಇದೆ. ಬೇಕಿದ್ರೆ ಬಿಲ್ಕೀಸ್ ಆಪಾನ್ನೇ ಮೂಸಿ ನೋಡ್ಬಹುದು! ನಿಮ್ಮ ಚಾಚಾದು ಬೇರೆ. ಹೊಗೆ, ದೇಗ್ ಮಣ್ಣು, ತಲೆಗೆ ಹಾಕ್ಕೋತಿದ್ದ ಸಾಸಿವೆ ಎಣ್ಣೆ, ಕದ್ದು ಸೇದ್ತಿದ್ದ ಬೀಡಿ, ಅದೆಲ್ಲದರ ಮೇಲೆ ಶಮಾಮಾ. ಅವರು ಮಲಗ್ತಿದ್ದ ಕಡೆ ಅಂಚಲ್ಲಿ, ಗದ್ದದ ಹತ್ರ, ಅದು ಹಂಗೇ ಇದೆ. ಅಲ್ಲಿ ಮೂಗಿಟ್ರೆ ಈಗಷ್ಟೇ ಎದ್ದು ಹೋದ್ರೇನೋ ಅನ್ಸತ್ತೆ. ಅಷ್ಟಿದ್ರೆ ಸಾಕು ನಂಗೆ. ಇನ್ನೆಷ್ಟು ದಿನ ಬದುಕ್ತೀನೋ, ಅಷ್ಟಿದ್ರೆ ದಾಟ್ಕೋತೀನಿ."

ನಾನು ಕಾಲೇಜಿಗೆ ಹೊರಟೆ, ಪರೀಕ್ಷೆ ಬರೆದೆ, ಏಪ್ರಿಲಿನಲ್ಲಿ ಇದ್ದತ್ತು ಮುಗಿಯುವ ದಿನಕ್ಕೆ ಸರಿಯಾಗಿ ಓಡೋಡಿ ಬಂದೆ. ಚಾಚಿ ಸ್ನಾನ ಮಾಡಿ, ತಿಳಿನೀಲಿ ದುಪಟ್ಟಾ ಹೊದ್ದು, ಬಾಗಿಲಿಗೇ ಕಣ್ಣಿಟ್ಟು ಕೂತಿದ್ದಳು. ಇಷ್ಟು ತೆಳ್ಳಗಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಬಂದವರು ತಂದ ಮಿಠಾಯಿಯನ್ನು ಅವಳು ಮುಟ್ಟಿರಲಿಲ್ಲ.

ಮಧ್ಯಾಹ್ನ ತಾಹಿರಾ ಫುಪ್ಪಿ ಬಂದಳು, ರಿಕ್ಷಾದಲ್ಲಿ, ಮಡಿಲು ತುಂಬ ರಜಾಯಿ. ಅವಳು ಇಳಿಯುವ ಮೊದಲೇ ಗಲ್ಲಿಗೆಲ್ಲ ಗೊತ್ತಾಯಿತು. ಆ ಘಮ! ಕೆಂಪು ಹೂವಿನ ಹೊಸ ಹೊದಿಕೆ, ಉಬ್ಬಿ ನಿಂತ ಅರಳೆ, ಹತ್ತಿರ ಹತ್ತಿರ ಹೊಲಿಗೆ, ಮದುಮಗಳ ಜೊತೆ ಕಳಿಸುವಂಥ ರಜಾಯಿ.

"ಭಾಭಿ, ಏನ್ ಹೇಳ್ಲಿ, ಫೆಬ್ರವರೀಲಿ ತೆಗೆದು ನೋಡ್ತೀನಿ, ಟ್ರಂಕಿಗೆ ಥಂಡಿ ಹತ್ತಿ ಒಂಥರಾ ಮುಗ್ಗಲು! ನನ್ನ ಜೀವವೇ ಹೋಯ್ತು. ಭಯ್ಯಾದು ಎಲ್ಲ ಹೋಗ್ಬಿಡ್ತಲ್ಲಾ ಅಂತ ಅತ್ತೆ. ಆಮೇಲೆ ಹಳೇ ಹೊದಿಕೆ ತೆಗೆದುಹಾಕಿ, ಅರಳೆ ಬಿಚ್ಚಿಸಿ, ಪಿಂಜಾರನ ಹತ್ರ ಹಿಂಜಿಸಿ, ಭಯ್ಯಾ ಇದ್ದ ಕಾರ್ಖಾನೆಗೇ ಹೋಗಿ ಅವರ ಹಳೇ ಕುಪ್ಪಿಯಿಂದ ಅತಿ ಒಳ್ಳೆ ಶಮಾಮಾ ಬೇಡಿ ತಂದು, ಎಳೆ ಎಳೆಗೂ ನಾನೇ ಕೈಯಾರೆ ಹಚ್ಚಿದೀನಿ. ನೋಡು ಹೆಂಗಿದೆ! ಇನ್ನು ಇಪ್ಪತ್ತು ವರ್ಷ ಹೋಗಲ್ಲ!"

ಚಾಚಿ ರಜಾಯಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಚಾಚಾ ಮಲಗುತ್ತಿದ್ದ ಕಡೆಯ ಅಂಚನ್ನು ಹುಡುಕಿದಳು. ಹೊಸ ಹೊದಿಕೆಗೆ ಆ ಕಡೆ ಈ ಕಡೆ ಎಂಬುದೇ ಇರಲಿಲ್ಲ. ಒಂದು ಮೂಲೆಗೆ ಮೂಗಿಟ್ಟಳು, ಇನ್ನೊಂದಕ್ಕೆ ಇಟ್ಟಳು, ನಡುವಿಗೆ ಇಟ್ಟಳು. ನಾನೂ ಬಗ್ಗಿ ಮೂಸಿದೆ. ಅಂಥ ಶಮಾಮಾವನ್ನು ನಾನು ಹುಟ್ಟಿದ ಮೇಲೆ ಮೂಸಿರಲಿಲ್ಲ. ಬೆಚ್ಚಗೆ, ಆಳವಾಗಿ, ಗಂಧದ ಮರದ ಬುಡದಲ್ಲಿ ಕೂತ ಹಾಗೆ. ಅದರಲ್ಲಿ ಯಾರೂ ಇರಲಿಲ್ಲ.

"ಫುಪ್ಪಿ, ನೀವು ಇದನ್ನ..." ಎಂದು ಶುರುಮಾಡಿದೆ. ಚಾಚಿ ನನ್ನ ಮಂಡಿಯನ್ನು ಉಗುರು ನೆಡುವಷ್ಟು ಗಟ್ಟಿಯಾಗಿ ಹಿಡಿದಳು.

ತಾಹಿರಾ ಫುಪ್ಪಿಗೆ ಏನೂ ಕಾಣಲಿಲ್ಲ. ಅವಳು ತಾನೇ ತಂದ ರಜಾಯಿಗೆ ಮುಖ ಒತ್ತಿ, ಒಮ್ಮೆ ಉದ್ದಕ್ಕೆ ಉಸಿರೆಳೆದಳು, ಇದ್ದಕ್ಕಿದ್ದ ಹಾಗೆ ಭುಜ ಕುಲುಕಿ ಅಳಲು ಶುರುಮಾಡಿದಳು.

"ಭಯ್ಯಾ... ಅಲ್ವಾ ಭಾಭಿ? ನಮ್ಮ ಭಯ್ಯಾನೇ ಬಂದು ಕೂತ ಹಂಗಿದೆ ಅಲ್ವಾ?"

ಚಾಚಿಗೆ ಕೆಮ್ಮು ಬಂತು, ತಡೆದುಕೊಂಡಳು. ನಾದಿನಿಯ ತಲೆಯ ಮೇಲೆ ಕೈ ಇಟ್ಟು, ಕೂದಲನ್ನು ಹಿಂದಕ್ಕೆ ಸವರಿದಳು.

"ಹೂಂ ತಾಹಿರಾ," ಎಂದಳು, "ಅವರೇ. ನೀನೇ ಇಟ್ಕೋ, ನಿನ್ನ ಅಣ್ಣನ್ನ."

"ಅಯ್ಯೋ, ನಿಂಗೆ ಬೇಡ್ವಾ?"

"ನಂಗೆ ಕಂಬಳಿ ರೂಢಿಯಾಗಿದೆ."